ಗೇಟಿನ ಬಳಿ ನಡೆಯುವ ಹರಾಜು

ಅಮೆರಿಕದ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಜೋಸಿ ಲೇನಿನಲ್ಲಿ ಸಂಜೆ ವಾಕಿಂಗ್ ಹೊರಟವರ ತಲೆಯ ಮೇಲೆ ವಿಮಾನ ಹಾದುಹೋಗುವುದು ತಪ್ಪುವುದಿಲ್ಲ. ದಕ್ಷಿಣಕ್ಕೆ ಡಲ್ಲಾಸ್ ನಗರದ ಲವ್ ಫೀಲ್ಡ್, ಪಶ್ಚಿಮಕ್ಕೆ ಡಲ್ಲಾಸ್-ಫೋರ್ಟ್‌ವರ್ತ್‌ನ ಡಿಎಫ್‌ಡಬ್ಲ್ಯು, ಮಗ್ಗುಲಲ್ಲೇ ಅಡಿಸನ್‌ನ ಸಣ್ಣ ನಿಲ್ದಾಣ. ನೀಲಿ ಮೈಯ, ಕೆಂಪು ಹಳದಿ ಬಾಲದ ಸೌತ್‌ವೆಸ್ಟ್ ವಿಮಾನ ಚಕ್ರ ಇಳಿಬಿಟ್ಟುಕೊಂಡು ಲವ್ ಫೀಲ್ಡ್ ಕಡೆಗೆ ಬಾಗುತ್ತದೆ. ಬೆಳ್ಳಿ ಬಣ್ಣದ ಅಮೆರಿಕನ್ ವಿಮಾನಗಳು ಡಿಎಫ್‌ಡಬ್ಲ್ಯು ಕಡೆಗೆ ಒಂದರ ಹಿಂದೊಂದು ದೀಪ ಹಚ್ಚಿಕೊಂಡು ಇಳಿಯುತ್ತವೆ. ಕೆಳಗೆ ಸಾಲು ಓಕ್ ಮರ, ಕೆಂಪಿಟ್ಟಿಗೆಯ ಒಂದಂತಸ್ತಿನ ಮನೆಗಳು, ಗ್ಯಾರೇಜಿನ ಮುಂದೆ ಬ್ಯಾಸ್ಕೆಟ್‌ಬಾಲ್ ಕಂಬ. ಕೆಲವು ಮನೆಗಳ ಹೊಸ್ತಿಲಲ್ಲಿ ರಂಗೋಲಿ ಸ್ಟಿಕ್ಕರು, ಪಕ್ಕದಲ್ಲಿ ಬಾಟಾ ಚಪ್ಪಲಿ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ ಎಂಬುದಕ್ಕೆ ಅಷ್ಟು ಸಾಕು. ಆರು ತಿಂಗಳಿಗೆ ಬಂದವರು ಡಲ್ಲಾಸಿನ ಮಗಳ ಮನೆಯಲ್ಲಿ ಮೂರು ತಿಂಗಳು, ಇನ್ನೊಂದು ರಾಜ್ಯದ ಮಗನ ಮನೆಯಲ್ಲಿ ಮೂರು ತಿಂಗಳು ಇರುತ್ತಾರೆ. ನಡುವಿನ ವಿಮಾನ ಪ್ರಯಾಣ ಅವರಿಬ್ಬರೇ ಮಾಡಬೇಕು.

ಆ ಪ್ರಯಾಣ ಮಕ್ಕಳಿಗೂ ದಿಗಿಲಿನದೇ. ಟಿಕೆಟ್ ಇದ್ದರೂ ಸೀಟು ಇಲ್ಲದೆ ಹೋಗಬಹುದು ಎಂಬ ಮಾತನ್ನು ನಮ್ಮ ಹಿರಿಯರಿಗೆ ಅರ್ಥ ಮಾಡಿಸುವುದು ಕಷ್ಟ. ದುಡ್ಡು ಕೊಟ್ಟಾಗಿದೆ, ಸೀಟಿನ ನಂಬರು ಬಂದಿದೆ, ಇನ್ನೇನು? ಆದರೆ ಈ ದೇಶದಲ್ಲಿ ವಿಮಾನ ಕಂಪನಿ ತನ್ನಲ್ಲಿರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದು ಕಾನೂನುಬದ್ಧ. ಓವರ್‌ಬುಕಿಂಗ್ ಎನ್ನುವ ಈ ಪದ್ಧತಿಯ ಲೆಕ್ಕ ಪಕ್ಕಾ ಆದದ್ದು ನಮ್ಮ ಮನೆಗಳಿಂದ ಅರ್ಧ ಗಂಟೆಯ ದೂರದಲ್ಲಿ ಕೂತ ಜನರ ಕೈಯಲ್ಲಿ.

ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕ್ ಬಿಟ್ಟು ಡಲ್ಲಾಸ್-ಫೋರ್ಟ್‌ವರ್ತ್ ಸೀಮೆಗೆ ಮುಖ್ಯ ಕಚೇರಿ ತಂದದ್ದು 1979ರಲ್ಲಿ. ಅದಕ್ಕೂ ಬಹಳ ಮೊದಲು ಅವರಲ್ಲಿ ಸೀಟಿನ ಲೆಕ್ಕ ಇಡುತ್ತಿದ್ದುದು ಕಾರ್ಡುಗಳಲ್ಲಿ. ಎಂಟು ಜನ ದುಂಡು ಮೇಜಿನ ಸುತ್ತ ಕೂತು, ನಡುವೆ ತಿರುಗುವ ಪೆಟ್ಟಿಗೆಯಿಂದ ಆಯಾ ವಿಮಾನದ ಕಾರ್ಡು ಎತ್ತಿ, ಮಾರಿದ ಸೀಟಿಗೆ ಗುರುತು ಹಾಕಿ ವಾಪಸ್ ಇಡುತ್ತಿದ್ದರು. 1953ರಲ್ಲಿ ಕಂಪನಿಯ ಅಧ್ಯಕ್ಷ ಸಿ.ಆರ್. ಸ್ಮಿತ್ ಅವರಿಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಪಕ್ಕದ ಸೀಟಿಗೆ ಸಿಕ್ಕವರು ಬ್ಲೇರ್ ಸ್ಮಿತ್ ಎಂಬ ಐಬಿಎಂ ಕಂಪನಿಯ ಮಾರಾಟ ಪ್ರತಿನಿಧಿ. ಅಂದಿನ ಮಾತುಕತೆ ಬೆಳೆದು ಸೇಬರ್ ಎಂಬ ಕಂಪ್ಯೂಟರ್ ವ್ಯವಸ್ಥೆಯಾಯಿತು. ಆ ಹೆಸರಿನ ಕಂಪನಿಯ ಕಚೇರಿ ಈಗ ಡಿಎಫ್‌ಡಬ್ಲ್ಯು ಹತ್ತಿರದ ಸೌತ್‌ಲೇಕ್‌ನಲ್ಲಿದೆ. ಯಾವ ದಿನ ಯಾವ ವಿಮಾನಕ್ಕೆ ಎಷ್ಟು ಮಂದಿ ಬುಕ್ ಮಾಡಿ ಬರದೇ ಉಳಿಯುತ್ತಾರೆ ಎಂಬುದು ಕಂಪ್ಯೂಟರಿಗೆ ಸಿಕ್ಕಮೇಲೆ ಉಳಿದದ್ದು ಗಣಿತ. ಅಮೆರಿಕನ್ ಏರ್‌ಲೈನ್ಸಿನ ತಜ್ಞರು 1992ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೆಚ್ಚು ಟಿಕೆಟ್ ಮಾರದೇ ಇದ್ದಿದ್ದರೆ, ಪೂರ್ತಿ ಮಾರಾಟವಾದ ವಿಮಾನಗಳಲ್ಲೂ ಶೇಕಡಾ 15ರಷ್ಟು ಸೀಟು ಖಾಲಿ ಹಾರುತ್ತಿದ್ದವು ಎಂದು ಅದರಲ್ಲಿ ಅಂದಾಜು ಮಾಡಿದ್ದಾರೆ. ಓವರ್‌ಬುಕಿಂಗ್, ದರ ನಿರ್ವಹಣೆ ಎಲ್ಲ ಸೇರಿ ಮೂರು ವರ್ಷದಲ್ಲಿ ಕಂಪನಿಗೆ ಆದ ಲಾಭ 140 ಕೋಟಿ ಡಾಲರ್ ಎಂದೂ ಹೇಳಿದ್ದಾರೆ.

ಈ ಗಣಿತದ ಬಗ್ಗೆ ನನಗೆ ತಕರಾರಿಲ್ಲ. ಖಾಲಿ ಸೀಟು ಹಾರಿಸಿಕೊಂಡು ಹೋಗುವುದು ಯಾರಿಗೂ ಒಳ್ಳೆಯದಲ್ಲ. ತಕರಾರು ಇರುವುದು ಲೆಕ್ಕ ತಪ್ಪಿದ ದಿನ ಏನಾಗುತ್ತದೆ ಎಂಬುದರಲ್ಲಿ.

2017ರ ಏಪ್ರಿಲ್ 9, ಭಾನುವಾರ ಸಂಜೆ. ಷಿಕಾಗೋದ ಓಹೇರ್ ನಿಲ್ದಾಣದಿಂದ ಕೆಂಟಕಿಯ ಲೂಯಿವಿಲ್‌ಗೆ ಹೊರಟ ಯುನೈಟೆಡ್ ಎಕ್ಸ್‌ಪ್ರೆಸ್ 3411. ಸಣ್ಣ ಎಂಬ್ರೇಯರ್ ವಿಮಾನ. ಎಲ್ಲರೂ ಹತ್ತಿ, ಮೇಲಿನ ಗೂಡುಗಳಲ್ಲಿ ಬ್ಯಾಗು ತುರುಕಿ, ಬೆಲ್ಟು ಬಿಗಿದು ಕೂತಾಗಿದೆ. ಆಗ ನಾಲ್ವರು ಸಿಬ್ಬಂದಿ ಬಂದರು. ಮರುದಿನ ಲೂಯಿವಿಲ್‌ನಿಂದ ಇನ್ನೊಂದು ವಿಮಾನ ನಡೆಸಲು ಅವರು ಅಲ್ಲಿಗೆ ತಲುಪಲೇಬೇಕಿತ್ತು. ಗೇಟಿನಲ್ಲಿ 400 ಡಾಲರ್ ಕೊಡುತ್ತೇವೆ ಎಂದಾಗಲೂ ಯಾರೂ ಒಪ್ಪಿರಲಿಲ್ಲ, ಒಳಗೆ ಬಂದು 800 ಎಂದಾಗಲೂ ಯಾರೂ ಏಳಲಿಲ್ಲ. ಅಲ್ಲಿಗೆ ಕೇಳುವುದು ನಿಂತಿತು. ನಾಲ್ಕು ಹೆಸರು ಆರಿಸಿ ಇಳಿಯಿರಿ ಎಂದರು. ಮೂವರು ಇಳಿದರು. ನಾಲ್ಕನೆಯವರು 69 ವರ್ಷದ ವೈದ್ಯರು, ವಿಯೆಟ್ನಾಂ ಮೂಲದವರು. ಬೆಳಿಗ್ಗೆ ರೋಗಿಗಳನ್ನು ನೋಡಬೇಕು, ಇಳಿಯಲಾರೆ ಎಂದರು. ನಿಲ್ದಾಣದ ಭದ್ರತಾ ಸಿಬ್ಬಂದಿ ಬಂದು ಕಿಟಕಿ ಬದಿಯ ಸೀಟಿನಿಂದ ಅವರನ್ನು ಕಿತ್ತರು. ಮುಖ ಎದುರು ಬದಿಯ ಸೀಟಿನ ಕೈಗೆ ಬಡಿಯಿತು. ಆಮೇಲೆ ಎರಡೂ ಕೈ ಹಿಡಿದು, ಬೆನ್ನಮೇಲೆ, ಸೀಟುಗಳ ನಡುವಿನ ಹಾದಿಯುದ್ದಕ್ಕೂ ಎಳೆದುಕೊಂಡು ಹೋದರು.

ಹತ್ತಾರು ಫೋನುಗಳಲ್ಲಿ ಅದು ದಾಖಲಾಯಿತು. ಆ ವಿಡಿಯೊದಲ್ಲಿ ನನ್ನ ಕಣ್ಣು ನಿಲ್ಲುವುದು ಎರಡು ಕಡೆ. ಜಾರಿ ಮೂಗಿನ ಕೆಳಗೆ ಓರೆಯಾಗಿ ನಿಂತ ಕನ್ನಡಕ. ಮೇಲಕ್ಕೆ ಸರಿದ ಅಂಗಿಯ ಕೆಳಗೆ ಕಾಣುವ ವಯಸ್ಸಾದ ಹೊಟ್ಟೆ. ಯಾರದೋ ಅಪ್ಪ, ಅಜ್ಜ ಎಂದು ಅನ್ನಿಸಲು ಬೇರೇನೂ ಬೇಡ. ಮೂಗು ಮುರಿದಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು, ಮೆದುಳಿಗೆ ಪೆಟ್ಟು ಬಿದ್ದಿತ್ತು. ಕಂಪನಿಯ ಮುಖ್ಯಸ್ಥರ ಮೊದಲ ಹೇಳಿಕೆ ಈ ಪ್ರಯಾಣಿಕರಿಗೆ ‘ಮರುವ್ಯವಸ್ಥೆ’ ಮಾಡಬೇಕಾಗಿ ಬಂದುದಕ್ಕೆ ಕ್ಷಮೆ ಕೇಳಿತು. ಅಷ್ಟಕ್ಕೂ ಆ ವಿಮಾನದಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ತಡವಾಗಿ ಬಂದ ತನ್ನದೇ ಸಿಬ್ಬಂದಿಗೆ ಜಾಗ ಬೇಕಿತ್ತು, ಅಷ್ಟೆ.

ನಮ್ಮ ಕಡೆ ಮದುವೆಯಲ್ಲಿ ಎಲೆ ಎಣಿಸಿಯೇ ಊಟಕ್ಕೆ ಕೂರಿಸುವುದು. ಲೆಕ್ಕ ತಪ್ಪಿ ಜನ ಹೆಚ್ಚಾದರೆ ಮುಂದಿನ ಪಂಕ್ತಿಗೆ ಬನ್ನಿ ಎಂದು ಬಾಗಿಲಲ್ಲಿ ಕೈಮುಗಿದು ಕೇಳಿಕೊಳ್ಳುತ್ತಾರೆ. ಮನೆಯವರು ತಾವೇ ಕೊನೆಗೆ ಉಣ್ಣುತ್ತಾರೆ. ಎಲೆಗೆ ಉಪ್ಪು ಬಡಿಸಿದ ಮೇಲೆ ಕೂತವರನ್ನು ಎಬ್ಬಿಸಿ ಆ ಜಾಗದಲ್ಲಿ ಮನೆಯವರನ್ನು ಕೂರಿಸುವುದನ್ನು ಯಾರೂ ಕಂಡಿರಲಾರರು. 3411ರಲ್ಲಿ ಆದದ್ದು ಅದೇ.

ಕೇಳುವುದನ್ನು ಎಷ್ಟಕ್ಕೆ ನಿಲ್ಲಿಸುತ್ತೀರಿ ಎಂಬುದರಲ್ಲೇ ಇಡೀ ವಿಷಯ ಇದೆ ಎಂದು ನನಗೆ ಅನ್ನಿಸುತ್ತದೆ. 800ಕ್ಕೆ ಏಳದವರು 1,000ಕ್ಕೋ 1,500ಕ್ಕೋ ಏಳುತ್ತಿದ್ದರು. ಆ ಅಷ್ಟು ಜನರಲ್ಲಿ ಒಂದು ಸಂಜೆಯ ಬೆಲೆ ಒಬ್ಬೊಬ್ಬರಿಗೆ ಒಂದೊಂದು. ಅದೇ ತಿಂಗಳ 27ರಂದು ವೈದ್ಯರ ಜೊತೆ ರಾಜಿ ಮಾಡಿಕೊಂಡ ಯುನೈಟೆಡ್, ಇನ್ನು ಮುಂದೆ ಸ್ವಇಚ್ಛೆಯಿಂದ ಸೀಟು ಬಿಡುವವರಿಗೆ 10,000 ಡಾಲರ್ ತನಕ ಕೊಡಬಹುದು ಎಂದು ಪ್ರಕಟಿಸಿತು. ಮೊದಲೇ ಹಾಗೆ ಕೇಳಿದ್ದರೆ ಆ ವಿಮಾನದಿಂದ ನಾಲ್ಕು ಮಂದಿ ತಾವಾಗೇ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಿದ್ದರು. ಅದೇ ದಿನ ಲವ್ ಫೀಲ್ಡಿನ ಸೌತ್‌ವೆಸ್ಟ್, ತಾನಿನ್ನು ಹೆಚ್ಚು ಟಿಕೆಟ್ ಮಾರುವುದಿಲ್ಲ ಎಂದಿತು. ಹಿಂದಿನ ವರ್ಷ ಸುಮಾರು 15 ಸಾವಿರ ಪ್ರಯಾಣಿಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬಿಟ್ಟುಹೋದ ಕಂಪನಿ ಅದು. ದೇಶದ ದೊಡ್ಡ ಕಂಪನಿಗಳಲ್ಲಿ ಅದರದೇ ದೊಡ್ಡ ಸಂಖ್ಯೆ. ಅಮೆರಿಕನ್ ಏರ್‌ಲೈನ್ಸ್ ಹತ್ತಿದವರನ್ನು ಇಳಿಸಿ ಇನ್ನೊಬ್ಬರಿಗೆ ಸೀಟು ಕೊಡುವುದಿಲ್ಲ ಎಂದು ತನ್ನ ನಿಯಮಕ್ಕೆ ಸೇರಿಸಿತು.

ಆದರೂ ಆ ಬೇಸಿಗೆಯಲ್ಲಿ ಹ್ಯೂಸ್ಟನ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಜೂನ್ ಕೊನೆ. ಹವಾಯಿಯ ಶಾಲಾ ಶಿಕ್ಷಕಿಯೊಬ್ಬರು 27 ತಿಂಗಳ ಮಗನೊಂದಿಗೆ ಹ್ಯೂಸ್ಟನ್‌ನಲ್ಲಿ ವಿಮಾನ ಬದಲಿಸಿ ಯುನೈಟೆಡ್‌ನಲ್ಲೇ ಬಾಸ್ಟನ್‌ಗೆ ಹೊರಟಿದ್ದರು. ಎರಡು ವರ್ಷ ದಾಟಿದ ಮಗುವಿಗೆ ಬೇರೆ ಸೀಟು ಕಡ್ಡಾಯ. ಅದಕ್ಕೆ ಪೂರ್ತಿ ಟಿಕೆಟ್ ಕೊಂಡಿದ್ದರು. ಆ ಸೀಟಿಗೆ ಕಾಯುವ ಪಟ್ಟಿಯ ಪ್ರಯಾಣಿಕನೊಬ್ಬ ಬಂದು ಕೂತ. ಸಿಬ್ಬಂದಿಗೆ ಹೇಳಿದರೆ ವಿಮಾನ ಭರ್ತಿ ಎಂಬ ಉತ್ತರ. ಮೂರೂವರೆ ಗಂಟೆ ಆಕೆ ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ತೊಡೆಯಲ್ಲಿ ಹಿಡಿಸದ ಮಗು ಒಮ್ಮೊಮ್ಮೆ ಅವರ ಮಂಡಿಗಳ ನಡುವೆ ನಿಂತೇ ಇತ್ತು. ಜಗಳ ಯಾಕೆ ಮಾಡಲಿಲ್ಲ ಎಂದು ಕೇಳಿದವರಿಗೆ ಆಕೆ ಹೇಳಿದ್ದರ ಸಾರಾಂಶ ಇಷ್ಟು: ಷಿಕಾಗೋದಲ್ಲಿ ಎಳೆದೊಯ್ದವರ ನೆನಪಾಯಿತು, ತಾನೂ ಏಷ್ಯನ್ನಳು, ಹೆದರಿಕೆಯಾಯಿತು. ಕಂಪನಿ ಆಮೇಲೆ ಕ್ಷಮೆ ಕೇಳಿ ದುಡ್ಡು ವಾಪಸ್ ಕೊಟ್ಟಿತು. ಮಗುವಿನ ಬೋರ್ಡಿಂಗ್ ಪಾಸ್ ಸರಿಯಾಗಿ ಸ್ಕ್ಯಾನ್ ಆಗಿರಲಿಲ್ಲವಂತೆ. ಒಂದು ವಿಮಾನದಲ್ಲಿ ಒಬ್ಬರ ಹಲ್ಲು ಮುರಿದರೆ ಇನ್ನೊಂದು ವಿಮಾನದಲ್ಲಿ ಒಬ್ಬ ತಾಯಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಎಳೆದೊಯ್ದ ಘಟನೆಗಿಂತ ಈ ಎರಡನೆಯದು ನನ್ನನ್ನು ಹೆಚ್ಚು ಕಾಡಿದೆ. ಯಾಕೆಂದರೆ ನಮ್ಮ ಅಪ್ಪ ಅಮ್ಮಂದಿರು ಎದ್ದು ಜಗಳ ಮಾಡುವವರಲ್ಲ. ಯೂನಿಫಾರ್ಮ್ ಹಾಕಿದವರು ಕೈ ತೋರಿಸಿದರೆ ಚೀಲ ಎತ್ತಿಕೊಂಡು ಹೊರಡುವವರು.

ಕೇಳಿ ಎಬ್ಬಿಸುವ ಪದ್ಧತಿಗೂ ಒಂದು ಇತಿಹಾಸವಿದೆ. 1968ರಲ್ಲಿ ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸಲಹೆ ಮುಂದಿಟ್ಟರು: ಸೀಟು ಕಡಿಮೆ ಬಿದ್ದರೆ ಎಲ್ಲರ ಕೈಗೂ ಒಂದು ಲಕೋಟೆ ಕೊಡಿ, ಎಷ್ಟು ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುತ್ತೀರಿ ಎಂದು ಬರೆಸಿ, ಕಡಿಮೆ ಬರೆದವರಿಗೆ ಅಷ್ಟು ಕೊಟ್ಟು ನಿಲ್ಲಿಸಿಕೊಳ್ಳಿ. ಹತ್ತು ವರ್ಷ ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ 1972ರ ಏಪ್ರಿಲ್‌ನಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರನ್ನು ಅಲೆಗೆನಿ ಏರ್‌ಲೈನ್ಸ್ ವಾಷಿಂಗ್ಟನ್‌ನಲ್ಲಿ ಬಿಟ್ಟುಹೋಯಿತು. ಕನೆಕ್ಟಿಕಟ್‌ನಲ್ಲಿ ಅವರ ಭಾಷಣಕ್ಕೆ ಜನ ಕಾದಿದ್ದರು. ನೇಡರ್ ಕೋರ್ಟಿಗೆ ಹೋದರು. ಮೊಕದ್ದಮೆ 1976ರಲ್ಲಿ ಸುಪ್ರೀಂ ಕೋರ್ಟ್ ತನಕ ಏರಿತು; ಹೆಚ್ಚು ಮಾರುವ ವಿಷಯ ಮುಚ್ಚಿಟ್ಟದ್ದಕ್ಕೆ ಪ್ರಯಾಣಿಕ ದಾವೆ ಹೂಡಬಹುದು ಎಂದು ತೀರ್ಪು ಬಂತು. 1978ರಲ್ಲಿ ಸರ್ಕಾರ ನಿಯಮ ಮಾಡಿತು: ಯಾರನ್ನಾದರೂ ಬಲವಂತವಾಗಿ ಬಿಡುವ ಮೊದಲು ಸ್ವಇಚ್ಛೆಯವರನ್ನು ಕೇಳಲೇಬೇಕು.

ಕೇಳಿದರೆ ಜನ ಒಪ್ಪುತ್ತಾರೆ ಎನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಷಿಕಾಗೋ ಘಟನೆಯ ಹಿಂದಿನ ವರ್ಷ, 2016ರಲ್ಲಿ, ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಏನಾದರೂ ಪಡೆದು ತಾವಾಗಿ ಸೀಟು ಬಿಟ್ಟವರು 4 ಲಕ್ಷ 34 ಸಾವಿರಕ್ಕೂ ಹೆಚ್ಚು. ಬಲವಂತಕ್ಕೆ ಸಿಕ್ಕವರು 40 ಸಾವಿರಕ್ಕೂ ಹೆಚ್ಚು. ಆ 40 ಸಾವಿರದಲ್ಲಿ ಯಾರಿರುತ್ತಾರೆ? ಯಾರನ್ನು ಬಿಡಬೇಕು ಎಂಬುದಕ್ಕೆ ಕಂಪನಿಗಳು ನೋಡುವುದು ಕೊಟ್ಟ ದರ, ಚೆಕ್-ಇನ್ ಮಾಡಿದ ಹೊತ್ತು, ಪದೇಪದೇ ಹಾರುವವರ ಕಾರ್ಡು. ಅಗ್ಗದ ಟಿಕೆಟ್, ತಡವಾದ ಚೆಕ್-ಇನ್, ಕಾರ್ಡಿಲ್ಲದವರು ಮೊದಲು. ಮಗ ಮೂರು ವೆಬ್‌ಸೈಟ್ ಹುಡುಕಿ ತೆಗೆದ ಟಿಕೆಟ್ಟಿನಲ್ಲಿ, ವರ್ಷಕ್ಕೊಮ್ಮೆ ಹಾರುವ ಅಪ್ಪ ಅಮ್ಮ ಆ ಪಟ್ಟಿಯಲ್ಲಿ ಎಲ್ಲಿರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಇದು ಅಮೆರಿಕದ ಮಾತು ಮಾತ್ರವಲ್ಲ. ಬೆಂಗಳೂರು, ಹೈದರಾಬಾದ್, ದೆಹಲಿಗಳಲ್ಲಿ ತಪಾಸಣೆ ನಡೆಸಿದ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ, ಟಿಕೆಟ್ ಇದ್ದವರನ್ನು ಹತ್ತಿಸದೆ ಪರಿಹಾರವನ್ನೂ ಸರಿಯಾಗಿ ಕೊಡದ ಏರ್ ಇಂಡಿಯಾಗೆ 2022ರ ಜೂನ್‌ನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿತು. 2024ರ ಮೇ ತಿಂಗಳಲ್ಲಿ ಮುಂಬೈಯಿಂದ ವಾರಾಣಸಿಗೆ ಹೊರಟ ಇಂಡಿಗೋ ವಿಮಾನದ ಹಿಂಭಾಗದಲ್ಲಿ ಸೀಟಿಲ್ಲದೆ ಒಬ್ಬರು ನಿಂತೇ ಇದ್ದರು; ರನ್‌ವೇ ಕಡೆಗೆ ಹೊರಟಿದ್ದ ವಿಮಾನ ತಿರುಗಿ ಬಂತು. ಭಾರತದ ನಿಯಮದಲ್ಲಿ ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದಿದ್ದರೆ 10,000 ರೂಪಾಯಿ ತನಕ, 24 ಗಂಟೆ ಮೀರಿದರೆ 20,000 ತನಕ ಪರಿಹಾರವಿದೆ. ಗೊತ್ತಿದ್ದು ಕೇಳುವವರು ಕಡಿಮೆ. ಹೋಲಿಸಿದರೆ ನಮ್ಮ ರೈಲ್ವೆ ಇಲಾಖೆ ಎಷ್ಟೋ ನೇರ. ವೇಟಿಂಗ್ ಲಿಸ್ಟ್ 42 ಎಂದು ಟಿಕೆಟ್ಟಿನ ಮೇಲೇ ಬರೆದುಕೊಡುತ್ತದೆ. ಆರ್‌ಎಸಿ ಆದರೆ ಸೈಡ್ ಲೋಯರ್ ಬರ್ತಿನಲ್ಲಿ ಇಬ್ಬರು ಎದುರುಬದುರು ಮಂಡಿ ಮಡಚಿ ಕೂತಾದರೂ ಹೋಗಬಹುದು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡವನಿಗೆ ಡಿಎಫ್‌ಡಬ್ಲ್ಯುನಲ್ಲಿ ಈ ಹರಾಜನ್ನು ಕಣ್ಣಾರೆ ನೋಡುವ ಸಂದರ್ಭ ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಗೇಟಿನ ಮುಂದೆ ಕೂರಲು ಕುರ್ಚಿಯಿಲ್ಲ. ಹುಡುಗರು ಪ್ಲಗ್ಗು ಇರುವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಾರೆ. ಪ್ರೆಟ್ಜೆಲ್ ಅಂಗಡಿಯ ಬೆಣ್ಣೆ ವಾಸನೆ. ಕೌಂಟರಿನ ಹೆಂಗಸು ಮೈಕು ಹಿಡಿದು, ಮೂರು ಸೀಟು ಕಡಿಮೆ ಬಿದ್ದಿವೆ, ನಾಳೆ ಬೆಳಿಗ್ಗೆಯ ವಿಮಾನಕ್ಕೆ ಹೋಗಲು ಒಪ್ಪುವವರಿಗೆ 500 ಡಾಲರ್ ಎಂದಳು. ಯಾರೂ ತಲೆ ಎತ್ತಲಿಲ್ಲ.

ನನ್ನ ಪಕ್ಕದಲ್ಲಿ ಗದಗದ ಕಡೆಯ ದಂಪತಿ. ಅಮ್ಮನ ತೊಡೆಯ ಮೇಲೆ ಪ್ಲಾಸ್ಟಿಕ್ ಫೋಲ್ಡರು. ಮಗಳು ಪ್ರಿಂಟ್ ಹಾಕಿಸಿ ಕೊಟ್ಟ ಟಿಕೆಟ್, ಅದರ ಮೇಲೆ ಗೇಟ್ ನಂಬರನ್ನು ಕನ್ನಡ ಅಂಕಿಯಲ್ಲಿ ಪೆನ್ನಿನಿಂದ ಬರೆದು ಸುತ್ತು ಹಾಕಿದ್ದರು. ಮೈಕಿನ ಸದ್ದಾದಾಗಲೆಲ್ಲ ಆ ಫೋಲ್ಡರನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

“ತಮ್ಮಾ, ಆಕಿ ಏನಂತಾಳ? ನಮ್ಮ ಹೆಸರು ಕರದ್ಲೇನು?”

“ಇಲ್ಲಮ್ಮಾ, ನಿಮ್ಮನ್ನಲ್ಲ. ಸೀಟು ಸಾಲದು, ಯಾರಾದ್ರೂ ಬಿಟ್ಟುಕೊಡ್ತೀರಾ ಅಂತ ಕೇಳ್ತಿದ್ದಾಳೆ. ಬಿಟ್ಟವರಿಗೆ ದುಡ್ಡು ಕೊಡ್ತಾರೆ.”

“ನಾವು ಬಿಡಂಗಿಲ್ಲಪಾ. ಮೊಮ್ಮಗ ಏರ್‌ಪೋರ್ಟಿಗೆ ಬರಾಕತ್ತಾನ.”

800. ಒಬ್ಬ ಹುಡುಗಿ ಫೋನಿನಲ್ಲಿ ಮನೆಗೆ ಕೇಳಿ, ಎದ್ದು ಹೋಗಿ ಹೆಸರು ಕೊಟ್ಟಳು. 1,000. ಬೇಸ್‌ಬಾಲ್ ಟೋಪಿಯ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿ ತಲೆಯಾಡಿಸಿ ಬೇಡವೆಂದಳು. ಕೌಂಟರಿನ ಹೆಂಗಸು ಪರದೆ ನೋಡಿದಳು, ಗಡಿಯಾರ ನೋಡಿದಳು. ಈ ಲೆಕ್ಕ ಹಾಕಿದವಳು ಅವಳಲ್ಲ. ಆದರೆ ಬೈಗುಳ ಬೀಳುವುದು ಅವಳಿಗೆ. 1,200 ಎಂದಾಗ ಟೋಪಿಯ ಗಂಡ ಹೆಂಡತಿ ಇಬ್ಬರೂ ಎದ್ದರು. ಹೋಟೆಲಿನ ಕೂಪನ್ನು, ಊಟದ ಕೂಪನ್ನು ಕೈಗೆ ಬಂದಾಗ ಹೆಂಡತಿ ನಗುತ್ತಿದ್ದಳು. ಮೂರು ಸೀಟು ಸಿಕ್ಕವು. ಯಾರಿಗೂ ಏಟು ಬೀಳಲಿಲ್ಲ, ಯಾರ ಹೆಸರನ್ನೂ ಯಂತ್ರ ಆರಿಸಲಿಲ್ಲ.

ಅಷ್ಟು ಹೊತ್ತೂ ಮಾತಾಡದೆ ಕೂತಿದ್ದ ಯಜಮಾನರು ಆಗ ನನ್ನ ಕಡೆ ತಿರುಗಿದರು. ಯಾರೂ ಏಳದಿದ್ದರೆ ಏನಾಗ್ತಿತ್ತು ಎಂದು ಕೇಳಿದರು. ಹೇಳಿದೆ. ಬೋರ್ಡಿಂಗ್ ಪಾಸ್ ಸ್ಕ್ಯಾನ್ ಆಗಿ ಒಳಗೆ ಹೋದಮೇಲೆ ಸುರಕ್ಷತೆಯ ಕಾರಣ ಬಿಟ್ಟು ಯಾರನ್ನೂ ಇಳಿಸುವಂತಿಲ್ಲ ಎಂದು 2018ರಲ್ಲಿ ಕಾನೂನಾಗಿದೆ; ಆದರೆ ಗೇಟಿನಲ್ಲೇ ತಡೆಯುವ ಅಧಿಕಾರ ಇನ್ನೂ ಇದೆ. ಹಾಗೆ ತಡೆದರೆ ನಿಮ್ಮ ಹಕ್ಕುಗಳನ್ನು ಬರೆದ ಕಾಗದ ಕೊಡಬೇಕು. ಬದಲಿ ವಿಮಾನ ಎರಡು ಗಂಟೆಗಿಂತ ತಡವಾಗಿ ತಲುಪಿದರೆ ಒಂದು ಕಡೆಯ ದರದ ನಾಲ್ಕು ಪಟ್ಟು ಕೊಡಬೇಕು. 2025ರಿಂದ ಅದಕ್ಕೆ ಹಾಕಿರುವ ಮಿತಿ 2,150 ಡಾಲರ್. ಒಂದರಿಂದ ಎರಡು ಗಂಟೆ ತಡವಾದರೆ ಎರಡು ಪಟ್ಟು, 1,075ರ ತನಕ. ವೋಚರ್ ಬೇಡ, ಚೆಕ್ ಕೊಡಿ ಎಂದು ಕೇಳಬಹುದು. ಆದಷ್ಟು ಬೇಗ ಚೆಕ್-ಇನ್ ಮಾಡಿಸಿಕೊಳ್ಳಿ ಎಂದೂ ಸೇರಿಸಿದೆ.

ಅವರು ಜೇಬಿನಿಂದ ಸಣ್ಣ ಡೈರಿ ತೆಗೆದು “ಚೆಕ್” ಎಂದಷ್ಟೇ ಬರೆದುಕೊಂಡರು. ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರಂತೆ. ಪೆನ್ನಿಗೆ ಕ್ಯಾಪು ಹಾಕುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದರು.

“ಬುಕ್ ಮಾಡಿ ಬರಲಿಲ್ದವಗ ರೊಕ್ಕ ವಾಪಸ್ ಕೊಡ್ತಾರೇನ್ರೀ?”

“ಅಗ್ಗದ ಟಿಕೆಟ್ ಆದರೆ ಸಾಮಾನ್ಯವಾಗಿ ಇಲ್ಲ ಸಾರ್.”

“ಅಂದ್ರ ಅವನ ರೊಕ್ಕನೂ ಅವರ ಹತ್ರನ ಉಳೀತು. ಅದೇ ಸೀಟಿಗೆ ಇನ್ನೊಬ್ಬನ ರೊಕ್ಕನೂ ಬಂತು. ಹಂಗಾರ ಈಗ ಅವರಿಗೆ ಕೊಟ್ರಲ್ಲ ಸಾವಿರದ ಇನ್ನೂರು, ಅದು ಯಾರ ರೊಕ್ಕ?”

ಹೆಚ್ಚು ಮಾರುವುದರಿಂದ ಎಲ್ಲರ ಟಿಕೆಟ್ ದರವೂ ಸ್ವಲ್ಪ ಇಳಿಯುತ್ತದೆ ಎಂದು ಕಂಪನಿಗಳು ಹೇಳುತ್ತವೆ ಎಂದೆ. ಎಷ್ಟು ಇಳೀತದ ಎಂದು ಅವರು ಕೇಳುವಷ್ಟರಲ್ಲಿ ಗ್ರೂಪ್ ಎಂಟನ್ನು ಕರೆದರು. ಅಮ್ಮ ಆಗಲೇ ಫೋಲ್ಡರು ಹಿಡಿದು ಸಾಲಿನಲ್ಲಿ ನಿಂತಿದ್ದರು.